ಅತಿಥಿಗಳು ಬರುವ ತನಕ

ಚನ್ನಬಸಯ್ಯನವರು ವಾಟ್ಸಾಪಿನಲ್ಲಿ ಕಳಿಸಿದ ರಾಜ್ಯ ಸ್ಕೇಟಿಂಗ್ ಸ್ಪರ್ಧೆಯ ವೇಳಾಪಟ್ಟಿ ನೋಡಿದ್ದೇ ತಡ, ನನಗೆ ಮೈಯೆಲ್ಲ ಉರಿಯಿತು. ಸೀನಿಯರ್ ಹುಡುಗಿಯರ ಫ್ರೀ ಸ್ಕೇಟಿಂಗ್, ಭಾನುವಾರ ಸಂಜೆ ಐದೂವರೆ, ಮುಖ್ಯ ಅತಿಥಿಗಳ ಸಮ್ಮುಖದಲ್ಲಿ! ಕೈಯಲ್ಲಿದ್ದ ಚಹಾದ ಕಪ್ಪನ್ನು ಕಟ್ಟೆಯ ಮೇಲೆ ಕುಕ್ಕಿದೆ. ನನ್ನ ಗಂಡ ಪ್ರಸಾದ ಪೇಪರಿನಿಂದ ತಲೆ ಎತ್ತಿ, "ಇವತ್ತ ಯಾರ ಮ್ಯಾಲ?" ಅಂತ ಕೇಳಿದರು, ಉತ್ತರಕ್ಕೆ ಕಾಯದೆ ಮತ್ತೆ ಪೇಪರಿಗೆ ತಲೆ ಹಾಕಿದರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವರು ಕಲಿತದ್ದು ಅಷ್ಟೇ.

ಪೂರ್ಣಿಮಾ ಮೇಡಂಗೆ ಸಿಟ್ಟು ಜಾಸ್ತಿ ಅಂತ ಬೆಳಗಾವಿಯ ಅರ್ಧ ಊರು ಹೇಳುತ್ತದೆ. ಉಳಿದರ್ಧ ಊರಿಗೆ ನನ್ನ ಪರಿಚಯವಿಲ್ಲ. ಆದರೆ ಆ ದಿನದ ಸಿಟ್ಟಿಗೆ ಕಾರಣವಿತ್ತು, ಕಾರಣದ ಹೆಸರು ಪ್ರಮಿಳಾ.

ಟೀವಿಯಲ್ಲಿ ಹುಡುಗಿಯರು ಮಂಜಿನ ಮೇಲೆ ತೇಲುತ್ತ, ಹಾರುತ್ತ, ಗಿರಗಿರ ತಿರುಗುತ್ತಾರಲ್ಲ, ನಾನು ಕಲಿಸುವುದು ಅದೇ ಆಟ. ನಮ್ಮಲ್ಲಿ ಮಂಜಿಲ್ಲ. ತಗಡಿನ ಮಾಡಿನ ಕೆಳಗೆ ನುಣುಪಾದ ನೆಲ ಇದೆ, ಬ್ಲೇಡಿನ ಬದಲು ಕಾಲಿಗೆ ನಾಲ್ಕು ನಾಲ್ಕು ಗಾಲಿ. ಬೇರಿಂಗ್ ಕೆಟ್ಟರೆ ಆಟೋ ನಗರದ ಬಾಳಪ್ಪನ ವರ್ಕ್‌ಶಾಪಿಗೆ ಓಡಬೇಕು, ಅವನು ಲಾರಿ ಬದಿಗಿಟ್ಟು ನಮ್ಮ ಗಾಲಿ ರಿಪೇರಿ ಮಾಡಿಕೊಡುತ್ತಾನೆ. ಈ ರಿಂಕಿನಲ್ಲಿ ನಾನು ಕಲಿಸಿದ ನೂರಾರು ಮಕ್ಕಳಲ್ಲಿ ಗಾಳಿಯಲ್ಲಿ ಎರಡೂವರೆ ಸುತ್ತು ತಿರುಗಿ ಒಂದೇ ಕಾಲಿನ ಮೇಲೆ ಇಳಿದವಳು ಒಬ್ಬಳೇ. ಖಾನಾಪುರದ ಹುಡುಗಿ, ಹತ್ತೊಂಬತ್ತು ವರ್ಷ. ಅಪ್ಪ ಮುತ್ತಪ್ಪ ಅಲ್ಲಿನ ಹೆಂಚಿನ ಕಾರ್ಖಾನೆಯಲ್ಲಿ ಪಗಾರದ ಮೇಲೆ ದುಡಿಯುವವನು, ಅವ್ವ ಮಾಯಕ್ಕ ಎರಡು ಎಮ್ಮೆ ಕಟ್ಟಿಕೊಂಡು ಡೇರಿಗೆ ಹಾಲು ಹಾಕುವವಳು. ಎಂಟು ವರ್ಷದಿಂದ ಪ್ರಮಿಳಾ ಮೊದಲ ಬಸ್ಸಿಗೆ ಖಾನಾಪುರ ಬಿಟ್ಟು ಬೆಳಿಗ್ಗೆ ಆರಕ್ಕೆ ನಮ್ಮ ರಿಂಕಿನಲ್ಲಿರುತ್ತಾಳೆ. ಆರೂಕಾಲಿಗೆ ಆ ಜಂಪ್ ಹಾಕಿದಳೆಂದರೆ ಬೀಳುವ ಮಾತೇ ಇಲ್ಲ.

ಬೀಳುವುದು ಸಂಜೆ. ಎರಡು ವರ್ಷದ ಹಿಂದೆ ಮೈಸೂರಿನಲ್ಲಿ ರಾಜ್ಯ ಸ್ಪರ್ಧೆ ಸಂಜೆ ಇತ್ತು, ಬಿದ್ದಳು. ಕೊನೇ ಗಳಿಗೆಯಲ್ಲಿ ಸರದಿಯ ಪಟ್ಟಿ ಬದಲಾಯಿಸಿದ್ದರು, ನಾನು ಸುಮ್ಮನಿರಲಿಲ್ಲ ಬಿಡಿ, ತೀರ್ಪುಗಾರರ ಮೇಜಿನ ತನಕ ಹೋಗಿ ಗಟ್ಟಿಸಿ ಕೇಳಿದೆ. ಹೋದ ವರ್ಷ ದಾವಣಗೆರೆಯಲ್ಲೂ ಸಂಜೆ, ಲೈಟಿನ ತಾಪತ್ರಯದಿಂದ ಒಂದೂವರೆ ತಾಸು ತಡ, ಅಲ್ಲೂ ಲೈಟಿನವನಿಗೆ ನೀರಿಳಿಸಿದೆ. ಪ್ರಮಿಳಾ ಅಲ್ಲೂ ಬಿದ್ದಳು. ಎರಡೂ ಸಲ ನಾಲ್ಕನೇ ಸ್ಥಾನ. ರಾಷ್ಟ್ರಮಟ್ಟಕ್ಕೆ ಕಳಿಸುವುದು ರಾಜ್ಯದಿಂದ ಇಬ್ಬರನ್ನು ಮಾತ್ರ. ಈ ಸಲ ಮುತ್ತಪ್ಪ ನನ್ನೆದುರು ಕೈಕಟ್ಟಿ ನಿಂತು, "ಇದೊಂದು ಸಲ ನೋಡೂಣ್ರಿ ಮೇಡಂ. ಆಗಲಿಲ್ಲಂದ್ರ ನರ್ಸಿಂಗ್‌ಗೆ ಹಚ್ಚಿಬಿಡ್ತೀನಿ, ಹುಬ್ಬಳ್ಳ್ಯಾಗ ಹಾಸ್ಟೆಲ್ ಐತಿ" ಅಂದಿದ್ದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅಲ್ಲಿಗೆ ಹೋದರೆ ಗಾಲಿ ಬಿಚ್ಚಿಟ್ಟ ಹಾಗೆಯೇ.

ಹೀಗಿರುವಾಗ ನಮ್ಮದೇ ಊರಿನಲ್ಲಿ ಸ್ಪರ್ಧೆ, ಅದರಲ್ಲೂ ಸಂಜೆ! ಚಹಾ ಹಾಗೇ ಬಿಟ್ಟು ಸ್ಕೂಟಿ ಹತ್ತಿದೆ.

ಸ್ಪರ್ಧಾ ಸಮಿತಿಯ ಕಾರ್ಯದರ್ಶಿ ಚನ್ನಬಸಯ್ಯನವರದು ರವಿವಾರ ಪೇಟೆಯಲ್ಲಿ ಬೆಲ್ಲದ ಹೋಲ್‌ಸೇಲ್ ಅಂಗಡಿ. ಬೆಲ್ಲದ ಪೆಂಟೆಗಳ ನಡುವೆ ಗಾದಿಯ ಮೇಲೆ ಕೂತಿದ್ದರು. ನನ್ನ ಮುಖ ನೋಡಿದ ಕೂಡಲೇ ಕನ್ನಡಕ ತೆಗೆದು ಒರೆಸತೊಡಗಿದರು.

"ಬಾ ತಂಗಿ, ಕುಂದರು. ಚಾ ತರಸ್ತೀನಿ."

"ಚಾ ಬ್ಯಾಡ್ರಿ ಅಯ್ಯನವರ. ಹುಡುಗ್ಯಾರ ಫ್ರೀ ಸ್ಕೇಟಿಂಗ್ ಮುಂಜಾನಿ ಎಂಟಕ್ಕ ಹಾಕ್ರಿ."

"ಅದೆಂಗ ಆಗ್ತದ? ಅತಿಥಿಗಳಿಗೆ ಅದನ್ನ ತೋರಸಬೇಕಲ್ಲ. ಸ್ಪೀಡ್ ರೇಸ್ ನೋಡಿ ಅವರೇನು ಮಾಡ್ತಾರ? ಹುಡುಗರು ಸುಂಯ್ ಅಂತ ಹೋಗಿಬಿಡ್ತಾವ, ಫೋಟೋದಾಗೂ ಸಿಗಂಗಿಲ್ಲ."

"ಹುಡುಗ್ಯಾರ ಮೈ ಅಂದ್ರ ಏನ್ ತಿಳದೀರಿ? ಸ್ವಿಚ್ ಒತ್ತಿದ ಕೂಡ್ಲೇ ಹತ್ತೂ ಲೈಟೇನ್ರಿ? ಎಂಟು ವರ್ಷದಿಂದ ಮುಂಜಾನಿ ಹಾರಿದ ಕಾಲು ಅವು."

"ಹಂಗಾರ ಸಂಜಿಗೆ ರೂಢಿ ಮಾಡಸು. ಇನ್ನೂ ಹದಿನೆಂಟು ದಿನ ಅದಾವ. ಅತಿಥಿಗಳನ್ನ ಬದಲ ಮಾಡಾಕ ಬರಂಗಿಲ್ಲ ತಂಗಿ, ಮೂರು ತಿಂಗಳಿಂದ ಬೆನ್ನು ಹತ್ತಿ ತಾರೀಖು ತಗೊಂಡೀನಿ."

ಇನ್ನೂ ಅರ್ಧ ತಾಸು ಬಾಯಿ ಮಾಡಿದೆ. ಪಕ್ಕದ ಅಂಗಡಿಯವರು ಬಂದು ನಿಂತು ನೋಡಿದರು. ಅಯ್ಯನವರು ಜಗ್ಗಲಿಲ್ಲ. ಕೊನೆಗೆ ಒಂದು ಬೆಲ್ಲದ ಉಂಡೆ ಕಟ್ಟಿ ಕೈಗೆ ಕೊಟ್ಟು ಕಳಿಸಿದರು, ನಾನೂ ಇಸಗೊಂಡು ಬಂದೆ.

ಮಧ್ಯಾಹ್ನ ಖಾನಾಪುರಕ್ಕೆ ಹೋದೆ. ಮಾಯಕ್ಕ ಎಮ್ಮೆಗಳಿಗೆ ನೀರು ಕುಡಿಸುತ್ತಿದ್ದಳು. ಎಮ್ಮೆಗಳನ್ನು ಮರಾಠಿ ಮನೆಯವರಿಂದ ಕೊಂಡು ತಂದದ್ದಕ್ಕೆ ಅವುಗಳ ಜೊತೆ ಮರಾಠಿ, ಮಗಳ ಜೊತೆ ಕನ್ನಡ, ಅದು ಆ ಮನೆಯ ಪದ್ಧತಿ. ನಾನು ವಿಷಯ ಹೇಳಿದೆ. ಇನ್ನು ಮೇಲೆ ಪ್ರಮಿಳಾ ಬೆಳಿಗ್ಗೆ ಬರುವುದು ಬೇಡ, ಮಧ್ಯಾಹ್ನದ ಬಸ್ಸಿಗೆ ಬರಲಿ. ಊಟ ಹನ್ನೆರಡಕ್ಕೆ, ನಾಲ್ಕೂ ನಲವತ್ತಕ್ಕೆ ಮೈ ಸಡಿಲ ಮಾಡುವುದು, ಐದೂ ಹತ್ತಕ್ಕೆ ಗಾಲಿ, ಐದೂವರೆ ಅಂದರೆ ಐದೂವರೆಗೆ ಸಂಗೀತ. ಮೊಬೈಲಿನಲ್ಲಿ ನಾಲ್ಕು ಅಲಾರಾಂ ಇಟ್ಟು ತೋರಿಸಿದೆ.

"ನಿಮಗ ತಿಳದಂಗ ಮಾಡ್ರಿ ಅಕ್ಕಾರ" ಅಂದಳು ಮಾಯಕ್ಕ. ಎಮ್ಮೆಗೆ ಮರಾಠಿಯಲ್ಲಿ ಏನೋ ಹೇಳಿ ನಕ್ಕಳು. ನನ್ನ ಬಗ್ಗೆಯೇ ಇರಬೇಕು ಅಂತ ನನಗೆ ಅನುಮಾನ.

ಮೊದಲ ವಾರ ನಾನು ಗಡಿಯಾರ ಹಿಡಿದು ಅರಚುತ್ತಿದ್ದೆ, ಹುಡುಗಿ ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಎರಡನೇ ವಾರ ಮೂರರಲ್ಲಿ ಎರಡು ಜಂಪಿಗೆ ಬೀಳದೆ ನಿಂತಳು. ಹದಿನಾರನೇ ದಿನ ಐದೂ ಮೂವತ್ತಮೂರಕ್ಕೆ ಎರಡೂವರೆ ಸುತ್ತು ತಿರುಗಿ ಇಳಿದು, ನನ್ನ ಕಡೆ ನೋಡಿ ನಕ್ಕಳು. ಮನಸ್ಸು ಎಷ್ಟು ಹಗುರಾಯಿತೆಂದರೆ, ಮನೆಗೆ ಹೋಗಿ ಪ್ರಸಾದರಿಗೆ ಬಜಿ ಕರಿದುಕೊಟ್ಟೆ. ಅವರು ಗಾಬರಿಯಾಗಿ ಏನು ಸಮಾಚಾರ ಅಂತ ಕೇಳಿದರು.

ಆದರೆ ನನ್ನಂಥ ಹುಚ್ಚಿ ಇನ್ನೊಬ್ಬಳಿಲ್ಲ. ನಾನು ಇದೇ ಊರಲ್ಲಿ ಹುಟ್ಟಿ, ಇದೇ ಊರಲ್ಲಿ ಮದುವೆಯಾಗಿ, ಇದೇ ಊರಿನ ಸಾವಿರ ಕಾರ್ಯಕ್ರಮಗಳಲ್ಲಿ ಮುಂದಿನ ಸಾಲಿನಲ್ಲಿ ಕೂತವಳು. ಮದುವೆಯ ಅಕ್ಷತೆಯೊಂದನ್ನು ಬಿಟ್ಟು ಕಾರ್ಡಿನಲ್ಲಿ ಬರೆದ ಹೊತ್ತಿಗೆ ಏನಾದರೂ ಶುರುವಾದದ್ದನ್ನು ನೋಡಿದ್ದೇನೆಯೇ? ಇಲ್ಲ. ಆದರೂ 'ಸಂಜೆ ೫.೩೦' ಅಂತ ಅಚ್ಚಾದದ್ದನ್ನು ನಂಬಿದೆ. ಹುಡುಗಿಯ ಹೊಟ್ಟೆ, ನಿದ್ದೆ, ಕಾಲು, ಉಸಿರು, ಎಲ್ಲವನ್ನೂ ಆ ಒಂದು ಸಾಲಿಗೆ ಕಟ್ಟಿಹಾಕಿದೆ.

ಭಾನುವಾರ ನಾಲ್ಕೂ ನಲವತ್ತಕ್ಕೆ ಅಲಾರಾಂ ಹೊಡೆಯಿತು. ಪ್ರಮಿಳಾ ಮೈ ಸಡಿಲ ಮಾಡಿದಳು. ಐದೂ ಹತ್ತಕ್ಕೆ ಗಾಲಿ ಕಟ್ಟಿ ಪಕ್ಕದ ಅಂಗಳದಲ್ಲಿ ಸುತ್ತು ಹಾಕಿದಳು, ಒಂದು ಜಂಪ್ ಹಾಕಿದಳು. ಆಹಾ, ಎಂಥ ಜಂಪ್! ಮೈಸೂರಿನ ಮೇಘಾ, ಹೋದ ವರ್ಷದ ಚಾಂಪಿಯನ್, ನೀರಿನ ಬಾಟಲಿ ಬಾಯಿಗಿಟ್ಟುಕೊಂಡು ಹಾಗೇ ನಿಂತಳು. ಐದೂವರೆಯಾಯಿತು. ವೇದಿಕೆಯ ಮೇಲಿನ ಕುರ್ಚಿಗಳು ಖಾಲಿ.

ಮೈಕಿನಲ್ಲಿ ಚನ್ನಬಸಯ್ಯನವರು, "ಅತಿಥಿಗಳು ಕಿತ್ತೂರು ದಾಟಿದ್ದಾರೆ, ಇನ್ನು ಸ್ವಲ್ಪೇ ಹೊತ್ತಿನಲ್ಲಿ ನಮ್ಮೊಂದಿಗಿರುತ್ತಾರೆ" ಎಂದರು. ಮೈ ಆರಬಾರದು ಅಂತ ನಾನು ಪ್ರಮಿಳಾಳನ್ನು ಮತ್ತೆ ಓಡಿಸಿದೆ. ಎಲ್ಲ ತರಬೇತುದಾರರೂ ಅದನ್ನೇ ಮಾಡಿದರು. ಹನ್ನೊಂದು ಹುಡುಗಿಯರು ಅಂಗಳದ ತುಂಬ ಹಾರುತ್ತಿದ್ದರು. ಆರಕ್ಕೆ, "ಅತಿಥಿಗಳು ಹಿರೇಬಾಗೇವಾಡಿ ದಾಟಿದ್ದಾರೆ." ಮತ್ತೆ ಓಡು, ಮತ್ತೆ ಹಾರು. ಆರೂಕಾಲಿಗೆ ಅತಿಥಿಗಳು ಯಾವುದನ್ನೂ ದಾಟಲಿಲ್ಲ. ಊರ ಹೊರಗೆ ಯಾರದೋ ಮನೆಯಲ್ಲಿ ಚಹಾಕ್ಕೆ ಕೂತಿದ್ದಾರಂತೆ!

"ಇನ್ನೊಂದು ಸಲ ವಾರ್ಮ್ ಅಪ್ ಮಾಡು" ಅಂದೆ. ಪ್ರಮಿಳಾ ಎದ್ದಳು. ಮೂರನೇ ಸಲದ ಜಂಪಿನಲ್ಲಿ ಕಾಲು ಜಾರಿ ಸೊಂಟದ ಮೇಲೆ ಬಿದ್ದಳು. ಹೋಗಿ ಎಬ್ಬಿಸಿದರೆ ಕೈ ತಣ್ಣಗಿತ್ತು, ತುಟಿ ಒಣಗಿತ್ತು. ಮೈಸೂರು, ದಾವಣಗೆರೆ, ಎರಡೂ ನನ್ನ ಕಣ್ಣ ಮುಂದೆ ಬಂದವು. ಹುಬ್ಬಳ್ಳಿಯ ಹಾಸ್ಟೆಲೂ ಬಂತು. ನಾನು ಸೆರಗು ಸಿಕ್ಕಿಸಿಕೊಂಡು ಚನ್ನಬಸಯ್ಯನವರ ಕಡೆ ಹೊರಟೆ.

ಅಷ್ಟರಲ್ಲಿ ಗ್ಯಾಲರಿಯಿಂದ ಇಳಿದು ಬಂದ ಮಾಯಕ್ಕ ಮಗಳ ಕಾಲ ಬುಡದಲ್ಲಿ ಕೂತು ಲೇಸು ಬಿಚ್ಚತೊಡಗಿದ್ದಳು. ನಾನು ಅರ್ಧ ದಾರಿಯಿಂದ ಓಡಿ ಬಂದೆ.

"ಏನ್ ಮಾಡಾಕತ್ತಿ ಮಾಯಕ್ಕ?"

"ಗಾಲಿ ಬಿಚ್ಚಾಕತ್ತೀನ್ರಿ."

ಬುತ್ತಿಯ ಗಂಟು ಬಿಚ್ಚಿ ಅರ್ಧ ಜೋಳದ ರೊಟ್ಟಿಗೆ ಶೇಂಗಾ ಚಟ್ನಿಪುಡಿ ಹಚ್ಚಿ ತಿನ್ನಿಸಿದಳು. ಗ್ಯಾಲರಿಯ ಹಿಂದೆ ಕುರ್ಚಿ ಪೇರಿಸಿದ್ದ ಜಾಗದಲ್ಲಿ ಕಂಬಳಿ ಹಾಸಿ ಮಲಗಿಸಿದಳು. ಪ್ರಮಿಳಾ ಮೊಣಕಾಲು ಮಡಚಿ ಕಣ್ಣು ಮುಚ್ಚಿದಳು. ಹೊರಗೆ ಕತ್ತಲಾಗುತ್ತಿತ್ತು. ನಮ್ಮ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಯಾರಾದರೂ ಮಲಗಿದ್ದರೆ ಅವ್ವ ಮುಖಕ್ಕೆ ನೀರು ಗೊಜ್ಜಿ ಎಬ್ಬಿಸುತ್ತಿದ್ದಳು. ಲಕ್ಷ್ಮಿ ಬರುವ ಹೊತ್ತು ಅದು.

"ದೀಪಾ ಹಚ್ಚೂ ಹೊತ್ತಿನ್ಯಾಗ ಮಲಗಸ್ತಾರೇನ ಮಾಯಕ್ಕ? ಅದೂ ಇಂಥಾ ದಿನ! ಏಳ ಪ್ರಮಿಳಾ, ಏಳು!" ಅಂತ ಕಂಬಳಿಗೆ ಕೈ ಹಾಕಿದೆ. ಮಾಯಕ್ಕ ನನ್ನ ಮುಂಗೈ ಹಿಡಿದಳು. ಎಮ್ಮೆ ಹಿಂಡುವ ಕೈ ಅದು, ಬಿಡಿಸಿಕೊಳ್ಳಲಾಗಲಿಲ್ಲ.

"ಅಕ್ಕಾರ, ಒಂದೀಟು ಕೇಳ್ರಿ. ಬ್ಯಾಸಗ್ಯಾಗ ಒಂದೊಂದು ದಿನ ಡೇರಿ ಗಾಡಿ ತಡಾ ಮಾಡ್ತೈತಿ. ಹಿಂಡಿಟ್ರ ಹಾಲು ಒಡದು ಹೋಗ್ತಾವ. ಅವತ್ತ ನಾ ಎಮ್ಮಿ ಕಡೆ ಹಾಯೂದ ಇಲ್ಲ. ಕರಾ ಬಿಡಂಗಿಲ್ಲ, ಚರಿಗಿ ಸಪ್ಪಳ ಮಾಡಂಗಿಲ್ಲ. ಯಾಕ ಹೇಳ್ರಿ? ಚರಿಗಿ ಸಪ್ಪಳ ಕೇಳಿದ್ರ ಅದು ಹಾಲು ಇಳಸ್ತೈತಿ. ಇಳಸಿದ ಮ್ಯಾಲ ಹಿಂಡಲಿಲ್ಲಂದ್ರ ಏರಿಸ್ಕೊಂಡು ಬಿಡ್ತೈತಿ. ಎರಡು ಸಲ ಹಂಗಾತಂದ್ರ ಮೂರನೇ ಸಲ ನೀವು ಕೈ ಮುಗದ್ರೂ ಇಳಸಂಗಿಲ್ಲ."

"ನನ್ನ ಹುಡುಗೀನ ಎಮ್ಮಿಗೆ ಹೋಲಸ್ತಿ ಏನು?"

"ಎಮ್ಮಿ ಶಾಣ್ಯಾ ಇರ್ತೈತ್ರಿ" ಅಂದಳು ಮಾಯಕ್ಕ, ಒಂದಿಷ್ಟೂ ದನಿ ಏರಿಸದೆ. "ಐದೂವರಿಯಿಂದ ನೀವು ಮೂರು ಸಲ ಚರಿಗಿ ಸಪ್ಪಳ ಮಾಡೀರಿ. ಇನ್ನ ಗಾಡಿ ಬಂದ ಮ್ಯಾಲ ಮಾಡೂಣು. ಕುಂದರ್ರಿ."

ನಾನು ಕೂರಲಿಲ್ಲ. ಕೂರಿಸಿದಳು. ಉಳಿದರ್ಧ ರೊಟ್ಟಿಯನ್ನು ನನ್ನ ಕೈಗೂ ತುರುಕಿದಳು. ಬೆಳಿಗ್ಗೆಯಿಂದ ನಾನು ಏನೂ ತಿಂದಿಲ್ಲ ಅನ್ನುವುದು ಆಗ ನೆನಪಾಯಿತು. ರೊಟ್ಟಿ ಮುರಿದು ಬಾಯಿಗಿಡುತ್ತ ನೋಡಿದೆ. ಅಂಗಳದಲ್ಲಿ ಮೇಘಾಳ ತರಬೇತುದಾರ ಗಡಿಯಾರ ನೋಡಿಕೊಂಡು ಅರಚುತ್ತಿದ್ದ, ಮೇಘಾ ನಾಲ್ಕನೇ ಸಲ ಬೆವರುತ್ತಿದ್ದಳು. ದೂರದಿಂದ ನೋಡಿದರೆ ಅವನು ನನ್ನ ಹಾಗೇ ಕಾಣುತ್ತಿದ್ದ. ನನಗೆ ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ.

ಏಳೂ ಐದಕ್ಕೆ ಅತಿಥಿಗಳ ಕಾರು ಬಂತು. ಮಾಯಕ್ಕ ಎಬ್ಬಿಸಲು ಹೋದಳು. ಈಗ ನಾನು ಅವಳ ಕೈ ಹಿಡಿದೆ. ಎಮ್ಮೆಯ ವಿಷಯ ಅವಳಿಗೆ ಗೊತ್ತಿರಬಹುದು, ಭಾಷಣದ ವಿಷಯ ನನಗೆ ಗೊತ್ತು.

"ಈಗ ಬ್ಯಾಡ. ಹಾರ ಹಾಕಬೇಕು, ದೀಪಾ ಹಚ್ಚಬೇಕು, ಮಾತಾಡಬೇಕು. 'ಕೊನೆಯದಾಗಿ ಒಂದು ಮಾತು' ಅಂತಾರ ನೋಡು, ಆಗೂ ಎಬ್ಬಸಬ್ಯಾಡ. ಎರಡನೇ ಸಲ ಅಂದಾಗೂ ಬ್ಯಾಡ. ಮೂರನೇ ಸಲ ಅಂದ್ರ ಎಬ್ಬಸು."

ಮಾಯಕ್ಕ ಬೆರಳು ಮಡಚಿ ಎಣಿಸಿದಳು. ಅತಿಥಿಗಳು ಇಪ್ಪತ್ತು ನಿಮಿಷದಲ್ಲಿ ಮೂರು ಸಲ ಕೊನೆಯ ಮಾತು ಹೇಳಿದರು. ಮೂರನೆಯದಕ್ಕೆ ಪ್ರಮಿಳಾ ಎದ್ದು ಕೂತಳು. ಕೆನ್ನೆಯ ಮೇಲೆ ಕಂಬಳಿಯ ಗೆರೆ ಮೂಡಿತ್ತು. ನಾನೇ ಲೇಸು ಕಟ್ಟಿದೆ. ಐದು ನಿಮಿಷದ ವಾರ್ಮ್ ಅಪ್ಪಿನಲ್ಲಿ ಒಂದೇ ಒಂದು ಜಂಪ್ ಹಾಕಿಸಿದೆ, ಅದೂ ಸಣ್ಣದು.

ಮೊದಲು ಇಳಿದ ಮೂವರಲ್ಲಿ ಇಬ್ಬರು ಬಿದ್ದರು. ನಾಲ್ಕನೆಯವಳು ಪ್ರಮಿಳಾ. ಸಂಗೀತ ಶುರುವಾಗಿ ಇಪ್ಪತ್ತು ಸೆಕೆಂಡಿಗೆ ಆ ಜಂಪ್ ಇತ್ತು. ನಾನು ಮಾಯಕ್ಕನ ಸೆರಗು ಹಿಡಿದುಕೊಂಡಿದ್ದೆ ಅಂತ ಆಮೇಲೆ ಗೊತ್ತಾಯಿತು. ಹುಡುಗಿ ಮುಂದೆ ತಿರುಗಿ, ಎಡಗಾಲಿನ ಮೇಲೆ ಎದ್ದು, ಎರಡೂವರೆ ಸುತ್ತು ಪೂರಾ ತಿರುಗಿ, ಬಲಗಾಲಿನ ಮೇಲೆ ಇಳಿದು ಹಿಂದಕ್ಕೆ ತೇಲಿಕೊಂಡು ಹೋದಳು. ಬೆಳಗಿನ ಆರೂಕಾಲಿಗೆ ಇಳಿಯುವ ಹಾಗೇ ಇಳಿದಳು. ನಾನು ಕೂಗಿದ ಕೂಗಿಗೆ ಅತಿಥಿಗಳು ವೇದಿಕೆಯಿಂದ ತಿರುಗಿ ನೋಡಿದರು. ನೋಡಲಿ!

ಮೇಘಾ ಜಂಪಿನಲ್ಲಿ ಕೈ ಊರಿದಳು, ಆದರೆ ಉಳಿದದ್ದೆಲ್ಲ ಚೊಕ್ಕ ಮಾಡಿದಳು. ಮೇಘಾ ಮೊದಲು, ಪ್ರಮಿಳಾ ಎರಡನೆಯವಳು. ಹನ್ನೊಂದರಲ್ಲಿ ಏಳು ಜನ ಬಿದ್ದಿದ್ದರು. ಮುತ್ತಪ್ಪ ಗ್ಯಾಲರಿಯ ಮೇಲಿಂದ ಇಳಿದು ಬಂದು ನನ್ನೆದುರು ನಿಂತ. ಟವೆಲಿನಿಂದ ಮುಖ ಒರೆಸಿಕೊಂಡ. ನರ್ಸಿಂಗ್ ಅನ್ನುವ ಶಬ್ದವೇ ಅವನ ಬಾಯಿಂದ ಬರಲಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ ಯಾರೂ ಬರಲಿಕ್ಕಿಲ್ಲ ಅಂದುಕೊಂಡು ರಿಂಕಿಗೆ ಹೋದರೆ ಪ್ರಮಿಳಾ ಆಗಲೇ ಪೊರಕೆ ಹಿಡಿದು ನಿನ್ನೆಯ ಹಾರದ ಚೆಂಡುಹೂ ಗುಡಿಸುತ್ತಿದ್ದಳು. ನಾನೂ ಒಂದು ಪೊರಕೆ ಹಿಡಿದೆ. ಮನಸ್ಸು ತುಂಬಿತ್ತು. ವಿಶಾಖಪಟ್ಟಣದಲ್ಲಿ ನಡೆಯುವ ರಾಷ್ಟ್ರಮಟ್ಟದ ಸ್ಪರ್ಧೆಗೆ ಹೇಗೆ ತಯಾರಿ ಮಾಡಬೇಕು, ಬೆಳಿಗ್ಗೆ ಇಟ್ಟರೆ ಹೇಗೆ, ಸಂಜೆ ಇಟ್ಟರೆ ಹೇಗೆ ಅಂತ ಗುಡಿಸುತ್ತಲೇ ಲೆಕ್ಕ ಹಾಕುತ್ತಿದ್ದೆ.

"ಅಲ್ಲ ಪ್ರಮಿಳಾ, ಅಷ್ಟು ಗದ್ದಲದಾಗ ನಿನಗ ನಿದ್ದಿ ಹೆಂಗ ಬಂತ?"

"ನಿದ್ದಿ ಬರಲಿಲ್ರಿ ಮೇಡಂ."

"ಮತ್ತ?"

"ಕಣ್ಣು ಮುಚ್ಚಿದ್ನಿ ಅಷ್ಟರೀ. ತಗದ್ರ ನೀವು ಬಂದು ಎಬ್ಬಸ್ತೀರಿ ಅಂತ."

ನಾನು ಪೊರಕೆ ನಿಲ್ಲಿಸಿದೆ. ಅವಳು ನಿಲ್ಲಿಸಲಿಲ್ಲ, ನೆಲ ನೋಡಿಕೊಂಡೇ ಗುಡಿಸುತ್ತ ಹೇಳಿದಳು. "ಸಿಟ್ಟಾಗಬ್ಯಾಡ್ರಿ. ನನಗ ಸಂಜಿ ಅಂದ್ರ ಏನೂ ಆಗಂಗಿಲ್ಲ. ಮೈಸೂರಾಗ ನೀವು ಜಡ್ಜ್ ಜೋಡಿ ಜಗಳಾ ಮಾಡಿ ಬಂದ್ರಿ, ಬಂದು ನನ್ನ ಲೇಸು ಕಟ್ಟಿದ್ರಿ. ನಿಮ್ಮ ಕೈ ಥರಥರ ನಡಗಾಕತ್ತಿದ್ವು. ದಾವಣಗೇರ್ಯಾಗೂ ಹಂಗ ಆತು. ನಾ ಆ ಕೈ ನೋಡ್ಕೋತ ರಿಂಕಿಗೆ ಇಳದ್ನಿ. ಮುಂಜಾನಿ ಇಲ್ಲಿ ಜಗಳಾ ಮಾಡಾಕ ಯಾರೂ ಇರಂಗಿಲ್ಲಲ್ರಿ."

"ಮತ್ತ ನಿನ್ನೆ?"

"ನಿನ್ನೆ ಕಂಬಳಿಯೊಳಗಿಂದ ಸಣ್ಣಗ ಕಣ್ಣು ತಗದು ನೋಡಿದ್ನಿ. ನೀವು ಅವ್ವನ ಬಾಜೂಕ ಕುಂತು ರೊಟ್ಟಿ ತಿನ್ನಾಕತ್ತಿದ್ರಿ. ಅವಾಗ ನನಗ ಧೈರ್ಯ ಬಂತ್ರಿ."

ಮೊದಲು ಸಿಟ್ಟೇ ಬಂತು, ನನ್ನ ಹಣೆಬರಹ. ಎಂಟು ವರ್ಷ ಇವಳ ಗಾಲಿ, ಇವಳ ಊಟ, ಇವಳ ಬಸ್ಸು ಎಲ್ಲ ನೋಡಿಕೊಂಡೆ, ಇವಳ ಸಲುವಾಗಿ ಊರೂರಲ್ಲಿ ಬೈಸಿಕೊಂಡೆ ಅಂತ ಬಾಯಿಯ ತನಕ ಬಂತು. ಆಮೇಲೆ ನನ್ನ ಕೈ ನೋಡಿಕೊಂಡೆ. ಪೊರಕೆ ಹಿಡಿದ ಕೈ ನೆಟ್ಟಗಿತ್ತು. ರಿಂಕಿನ ಅಂಚಿನ ಕಟ್ಟೆಯ ಮೇಲೆ ಕೂತೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡೆ, ಮತ್ತೆ ಬಂತು.

"ಹಂಗಾರ ವಿಶಾಖಪಟ್ಟಣಕ್ಕ ನಾ ಬರೂದು ಬ್ಯಾಡೇನ?" ಅಂತ ಕೇಳಿದೆ. ಹುಸಿಮುನಿಸಿಗೆ ಕೇಳಿದ್ದಲ್ಲ, ಖರೇನೇ ಕೇಳಿದ್ದು.

ಪ್ರಮಿಳಾ ಪೊರಕೆ ಬಿಟ್ಟು ಬಂದು ನನ್ನ ಪಕ್ಕ ಕೂತಳು. "ನೀವು ಬರಲಿಲ್ಲಂದ್ರ ನಾ ಹೋಗಂಗ ಇಲ್ರಿ. ಆದ್ರ ಅವ್ವನ್ನೂ ಕರಕೊಂಡು ಹೋಗೂಣು."

"ಯಾಕ, ನಿನ್ನ ಮಲಗಸಾಕೇನು?"

"ನನ್ನನ್ನಲ್ರಿ ಮೇಡಂ" ಅಂದಳು ಹುಡುಗಿ, "ನಿಮ್ಮನ್ನ."

ಖಾಲಿ ರಿಂಕಿನಲ್ಲಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹತ್ತು ಗಂಟೆಗೆ ರೈಲ್ವೆ ಸ್ಟೇಷನ್ನಿಗೆ ಹೋಗಿ ಸಾಲಿನಲ್ಲಿ ನಿಂತು, ನನ್ನ ಮುಂದೆ ತೂರಿಕೊಂಡು ಬಂದವನಿಗೆ ಒಂದು ಮಾತೂ ಅನ್ನದೆ, ಮೂರು ಟಿಕೆಟ್ ತೆಗೆಸಿದೆ.